ಕಾಣೆಯಾದ ಆರು ನಿಮಿಷ

ಹಲ್ಲಣ್ಣನಿಗೆ ಆ ಹೆಸರು ಬಂದದ್ದು ಅವನ ಕಸುಬಿನಿಂದ. ದಂತವೈದ್ಯರೊಬ್ಬರ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಕುಳಿತು, ಮೂವತ್ತೊಂದು ವರ್ಷ ಅವನು ಬೊಚ್ಚುಬಾಯಿಗಳಿಗೆ ಹಲ್ಲುಸೆಟ್ಟು ಮಾಡಿಕೊಟ್ಟ. ಗೋಡೆಯ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕುಳಿತಿರುತ್ತಿದ್ದವು. ಒಂದೊಂದರ ಅಡಿಯಲ್ಲೂ ಪೆನ್ಸಿಲಿನಲ್ಲಿ ಬರೆದ ನಂಬರು. ದಾರಿಯಲ್ಲಿ ಸಿಕ್ಕವರನ್ನು ಅವನು ಮುಖ ನೋಡಿ ಗುರುತಿಸುತ್ತಿರಲಿಲ್ಲ, ನಕ್ಕರೆ ಗುರುತಿಸುತ್ತಿದ್ದ. ಅವನೆದುರು ನಗುವವರು ಕಡಿಮೆಯಾದ್ದರಿಂದ ಪರಿಚಯಸ್ಥರೂ ಕಡಿಮೆಯಾಗಿದ್ದರು.

ನಗದಿರುವುದಕ್ಕೆ ಒಂದು ಕಾರಣ ಅವನ ನಾಲಿಗೆ. ಇನ್ನೊಂದು, ಅದಕ್ಕಿಂತ ದೊಡ್ಡದು, ಅವನ ರೆಕಾರ್ಡುಗಳು.

ಇಪ್ಪತ್ತಮೂರರ ಪ್ರಾಯದಲ್ಲಿ ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಗ್ರಾಮಫೋನು ಕೊಂಡಾಗ, ಅದರ ಜೊತೆಗೆ ಯಾರಿಗೂ ಬೇಡದ ಒಂದು ಪೆಟ್ಟಿಗೆ ರೆಕಾರ್ಡುಗಳೂ ಬಂದಿದ್ದವು. ಒಂದರಲ್ಲಿ ಯಾರೋ ಪಿಯಾನೋದ ತಂತಿಗಳ ನಡುವೆ ತಿರುಪುಮೊಳೆ ಸಿಕ್ಕಿಸಿ ನುಡಿಸಿದ್ದರು. ಇನ್ನೊಂದರಲ್ಲಿ ನಾಲ್ಕು ಪಿಟೀಲುಗಳು ಎಣ್ಣೆ ಕಾಣದ ಬಾಗಿಲಿನ ಹಾಗೆ ಅರ್ಧ ಗಂಟೆ ಕಿರುಗುಟ್ಟುತ್ತಿದ್ದವು. ಮತ್ತೊಂದರಲ್ಲಿ ಬಹುಪಾಲು ಮೌನವೇ ಇದ್ದು, ನಡುನಡುವೆ ತಗಡಿನ ಮೇಲೆ ಏನೋ ಬೀಳುತ್ತಿತ್ತು. ಉಳಿದವರು ಕಿವಿ ಮುಚ್ಚಿಕೊಂಡದ್ದಕ್ಕೆ ಅವನು ಕಿವಿಗೊಟ್ಟ. ದಿನವಿಡೀ ಸಾಣೆಯಂತ್ರದ ಪಕ್ಕದಲ್ಲಿ ಕುಳಿತವನಿಗೆ ಸದ್ದುಗಳಲ್ಲಿ ಜಾತಿಭೇದ ಉಳಿದಿರಲಿಲ್ಲ. ಅಲ್ಲಿಂದ ಮುಂದೆ ಅಂಥವನ್ನೇ ಹುಡುಕಿ ಹುಡುಕಿ ಕೂಡಿಹಾಕಿದ. ಆರುನೂರ ಇಪ್ಪತ್ತಾದವು, ಒಂದೊಂದಕ್ಕೂ ನಂಬರು. ಪ್ರತಿಯೊಂದರ ಲಕೋಟೆಯೊಳಗೂ ಅದೇ ನಂಬರಿನ, ತನ್ನ ಕೈಬರಹದ ಒಂದು ಚೀಟಿ ಇಟ್ಟ: ಇದನ್ನು ಯಾರು ಕೇಳಬೇಕು, ಹೇಗೆ ಕೇಳಬೇಕು, ಯಾರು ಕೇಳಲೇಬಾರದು. 'ಹೊಟ್ಟೆ ತುಂಬಿದಾಗ ಬೇಡ.' 'ಎರಡನೆಯ ಬದಿಯಿಂದ ಆರಂಭಿಸಿ.' 'ಮೊದಲ ಸಲ ಸಿಟ್ಟು ಬರುತ್ತದೆ. ಅದು ಒಳ್ಳೆಯ ಲಕ್ಷಣ.'

ಈ ಆಸ್ತಿ ಮನೆಯಲ್ಲಿ ಉಳಿಯಲಿಲ್ಲ. ಅವನ ಅಕ್ಕ ನಿವೃತ್ತ ದಾದಿ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಬಂದ ಮೂರನೆಯ ದಿನವೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೋಡೋ, ಮನೇಲಿ ಒಂದೋ ನಾನಿರಬೇಕು, ಇಲ್ಲ ಆ ತಟ್ಟೆಗಳಿರಬೇಕು. ಆಸ್ಪತ್ರೇಲಿ ಮೂವತ್ತು ವರ್ಷ ನರಳೋದು ಕೇಳಿದೀನಿ. ಅಲ್ಲಿ ಅದಕ್ಕೆ ಸಂಬಳನಾದ್ರೂ ಕೊಡ್ತಿದ್ರು."

"ಅದು ಸಂಗೀತ, ಅಕ್ಕ."

"ಆಗಲಪ್ಪ. ರೋಗಿಗೆ ವಾಸಿಯಾದ ಮೇಲೆ ಹೇಳು, ಕೇಳ್ತೀನಿ."

ಹೀಗೆ ರೆಕಾರ್ಡುಗಳೆಲ್ಲ ಶ್ರೋತೃ ಸಂಘಕ್ಕೆ ಸೇರಿದವು. ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯೇ ಸಂಘ. ಹನ್ನೆರಡು ಮರದ ಕುರ್ಚಿಗಳು, ಒಂದು ಗ್ರಾಮಫೋನು, ಗೋಡೆಗೆ ಹೊಂದಿಸಿದ ದೊಡ್ಡ ಕಪಾಟು. ಕಪಾಟಿನ ಬೀಗದ ಕೈ ಹಲ್ಲಣ್ಣನ ಅಂಗಿಯ ಒಳಜೇಬಿನಲ್ಲಿ.

ಆ ಸಂಘದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ತಿಂಗಳ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ ಸದಸ್ಯರೊಬ್ಬರು ಒಂದು ರೆಕಾರ್ಡನ್ನು ಶಿಫಾರಸು ಮಾಡಿ ಹಾಕಬೇಕು. ಕೇಳುವವರು ಎದ್ದುಹೋಗುವಂತಿಲ್ಲ, ಮಾತನಾಡುವಂತಿಲ್ಲ. ಹಿಡಿಸದಿದ್ದರೆ ತಮ್ಮ ಕುರ್ಚಿಯನ್ನು ಸದ್ದಾಗದಂತೆ ಗೋಡೆಯ ಕಡೆಗೆ ತಿರುಗಿಸಿ ಕೂರಬಹುದು. ಅರ್ಧಕ್ಕಿಂತ ಹೆಚ್ಚು ಕುರ್ಚಿ ತಿರುಗಿದರೆ ಶಿಫಾರಸು ಬಿದ್ದಂತೆ. ಹಲ್ಲಣ್ಣನ ಶಿಫಾರಸು ಬಂದ ದಿನ ಆ ಕೋಣೆಗೆ ಹೊಸಬರು ಯಾರಾದರೂ ಬಂದಿದ್ದರೆ, ಗೋಡೆಯ ಮೇಲೇನೋ ತೋರಿಸುತ್ತಿದ್ದಾರೆ ಎಂದುಕೊಳ್ಳಬೇಕು, ಅಷ್ಟು ಬೆನ್ನುಗಳು.

ಪ್ರತಿಸಲವೂ ಮೊದಲು ತಿರುಗುತ್ತಿದ್ದುದು ಕಾರ್ಯದರ್ಶಿಯ ಕುರ್ಚಿ. ಆತ ಜಮೀನು ಅಳೆದು ನಿವೃತ್ತನಾದ ಮೋಜಣಿದಾರ. ಅಳತೆಯ ಸರಪಳಿಯಿಂದಾಗಿ ಊರವರ ಬಾಯಲ್ಲಿ 'ಸರಪಳಿ'. ಎದುರಾಳಿಯ ಹೊಲವನ್ನೂ ಒಂದು ಅಂಗುಲ ಹೆಚ್ಚುಕಡಿಮೆ ಮಾಡದೆ ಅಳೆದವನೆಂಬ ಹೆಸರಿತ್ತು. ಆದರೆ ಹಲ್ಲಣ್ಣನನ್ನು ಕಂಡರೆ ಎಣ್ಣೆ ಸೀಗೆಕಾಯಿ. ಆ ವರ್ಷದ ಆರಂಭದಲ್ಲಿ ಸರಪಳಿ ಒಂದು ಹೊಸ ನಿಯಮ ತಂದ: ಕಪಾಟಿನ ಬೀಗದ ಕೈ ಇಟ್ಟುಕೊಂಡವರ ಶಿಫಾರಸು ವರ್ಷದಲ್ಲಿ ಮೂರು ಸಲ ಬಿದ್ದರೆ ಬೀಗದ ಕೈ ಕಾರ್ಯದರ್ಶಿಯ ವಶಕ್ಕೆ. ಅದು ಯಾರಿಗೆ ಹೊಲಿದ ಅಂಗಿಯೆಂದು ಎಲ್ಲರಿಗೂ ತಿಳಿದಿತ್ತು. ಹಲ್ಲಣ್ಣ ಕೈಯೆತ್ತಿ ಒಪ್ಪಿದ. "ಬರ್ಕೊಳ್ಳಿ. ನಿಮ್ಮ ಬೆನ್ನುಗಳಿಗೆ ಹೆದರೋನಲ್ಲ ನಾನು" ಎಂದ.

ಎರಡು ಸಲ ಬಿತ್ತು. ಮೂರನೆಯ ಸಲದ ಭಾನುವಾರ ಬಂತು.

ಅಂದು ಮಧ್ಯಾಹ್ನವೇ ಹೋಗಿ ಅವನು ಗ್ರಾಮಫೋನನ್ನು ಒರೆಸಿ, ಮುಳ್ಳು ಶುಚಿಮಾಡಿ, ಚಿಕ್ಕದೊಂದು ರೆಕಾರ್ಡು ಹಾಕಿ ಪರೀಕ್ಷಿಸಿದ. ಚಿಕ್ಕ ರೆಕಾರ್ಡಿಗೆ ನಲವತ್ತೈದು ಸುತ್ತಿನ ವೇಗ, ದೊಡ್ಡದಕ್ಕೆ ಮೂವತ್ತಮೂರು. ಈ ಲೆಕ್ಕ ಅವನಿಗೆ ನಿದ್ದೆಯಲ್ಲೂ ತಪ್ಪುವಂಥದ್ದಲ್ಲ. ಟೀ ಕುಡಿದು ಮರಳಿ ಬರುವಾಗ ಮೆಟ್ಟಿಲಿನಲ್ಲಿ ಸರಪಳಿ ಎದುರಾದ.

"ಏನ್ರೀ ಹಲ್ಲಣ್ಣ, ಇವತ್ತೇನು? ಬಾಗಿಲೋ ಕಿಟಕಿಯೋ?"

"ನಿಮಗೆ ಮಾಮೂಲಿ. ಗೋಡೆ."

"ಬೀಗದ ಕೈ ತಂದಿದೀರಾ? ವಾಪಸ್ ಹೋಗ್ತಾ ಜೇಬು ಹಗುರ ಆಗ್ಲಿ ಅಂತ ಕೇಳ್ದೆ. ಆ ಸದ್ದುಗಳನ್ನೆಲ್ಲ ಅಟ್ಟಕ್ಕೆ ಏರಿಸಿದ್ರೆ ಜನ ಕೇಳೋ ಹಾಡು ಇಡಬಹುದು."

ಅಟ್ಟದ ಮೇಲೆ ತಗಡಿನ ಛಾವಣಿ. ಅಲ್ಲಿ ಒಂದು ಬೇಸಿಗೆ ಕಳೆದರೆ ಸಾಕು, ರೆಕಾರ್ಡು ಒಣಗಿದ ಎಲೆಯ ಹಾಗೆ ಮುರುಟಿಕೊಳ್ಳುತ್ತದೆ. ಮೂವತ್ತು ವರ್ಷದ ಹುಡುಕಾಟ ಮೂರು ತಿಂಗಳಲ್ಲಿ ಮಣ್ಣುಪಾಲು. ಹಲ್ಲಣ್ಣ ಸಿಟ್ಟಿನಲ್ಲಿ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿಹೋದ. ನಾಲ್ಕಾಗುತ್ತಲೇ, ಅದೇ ಸಿಟ್ಟಿನಲ್ಲಿ ದೊಡ್ಡ ರೆಕಾರ್ಡನ್ನು ಇಟ್ಟು, ಮುಳ್ಳು ಇಳಿಸಿದ. ವೇಗದ ಗುಂಡಿಯ ಕಡೆ ನೋಡಲಿಲ್ಲ.

ಅದು ಒಬ್ಬ ಹೆಂಗಸು ಒಂಟಿಯಾಗಿ ನುಡಿಸಿದ ಚೆಲ್ಲೊ. ಪಿಟೀಲಿನ ದೊಡ್ಡಪ್ಪನಂಥ, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ. ಹನ್ನೊಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಹಾಕಿದ್ದ, ಕುರ್ಚಿಗಳೆಲ್ಲ ತಿರುಗಿದ್ದವು. ಈಗಲಾದರೂ ಇವರ ಕಿವಿ ಮಾಗಿರಬೇಕೆಂದು ಅದನ್ನೇ ಮತ್ತೆ ತಂದಿದ್ದ. ಕಮಾನು ತಂತಿಯನ್ನು ಎಳೆಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ. ನಡುವೆ ಆಕೆಯ ಉಸಿರು ಕೇಳಿಸುತ್ತದೆ, ಭಾರ ಹೊತ್ತು ಮೆಟ್ಟಿಲು ಹತ್ತುವವರ ಉಸಿರು.

ಎರಡನೆಯ ನಿಮಿಷದಲ್ಲಿ ಆ ಉಸಿರು ಬಂತು. ಓಡಿ ಬಂದ ಮಗುವಿನ ಉಸಿರಿನಂತಿತ್ತು.

ಹಲ್ಲಣ್ಣ ಥಟ್ಟನೆ ಬಗ್ಗಿ ಗುಂಡಿಯ ಕಡೆ ನೋಡಿದ. ನಲವತ್ತೈದು. ಏಳಬೇಕೆಂದು ಕುರ್ಚಿಯ ಕೈಗೆ ಕೈಯಿಟ್ಟವನು ಕೋಣೆಯ ಕಡೆ ತಿರುಗಿದ. ಒಂದೇ ಒಂದು ಕುರ್ಚಿಯೂ ಅಲುಗಿರಲಿಲ್ಲ. ದರ್ಜಿ ಕಾಲಿನಲ್ಲಿ ತಾಳ ಹಾಕುತ್ತಿದ್ದ. ಔಷಧಿ ಅಂಗಡಿಯಾಕೆ ಕಣ್ಣುಮುಚ್ಚಿ ತಲೆದೂಗುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅವನ ಶಿಫಾರಸಿಗೆ ಇಷ್ಟೊಂದು ಮುಖಗಳು ಕಂಡದ್ದು ಅದೇ ಮೊದಲು. ಸರಪಳಿಯ ಕುರ್ಚಿಯೂ ಇತ್ತಕಡೆಯೇ ಇತ್ತು. ಆತ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡಿದ್ದ.

ಹಲ್ಲಣ್ಣ ಏಳಲಿಲ್ಲ. ಒಳಜೇಬಿನಲ್ಲಿ ಬೀಗದ ಕೈ ಎದೆಗೆ ಒತ್ತುತ್ತಿತ್ತು. ಬಾಯಿಮುಚ್ಚಿಕೊಂಡು ಕೂತರೆ ಕಪಾಟು ಉಳಿಯುತ್ತದೆ. ಕೂತ.

ಮುಳ್ಳು ಮೇಲೆದ್ದಾಗ ಚಪ್ಪಾಳೆಯೇ ಆಯಿತು.

"ಇದಪ್ಪ ಸಂಗೀತ ಅಂದ್ರೆ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಹಲ್ಲಣ್ಣ?" ಎಂದ ದರ್ಜಿ.

"ಎಷ್ಟು ಲವಲವಿಕೆ! ಅಂಗಡೀಲಿ ಹಾಕಿದ್ರೆ ಗಿರಾಕಿ ಓಡಿಹೋಗಲ್ಲ," ಎಂದಳು ಔಷಧಿ ಅಂಗಡಿಯಾಕೆ. "ನಮ್ಮ ಮೊಮ್ಮಗಳು ಕುಣೀತಾಳೆ ಇದಕ್ಕೆ."

ಹೊಗಳಿಕೆ ಹಲ್ಲಣ್ಣನಿಗೆ ಬೈಗುಳದಷ್ಟು ಚುಚ್ಚಿತು. ಸರಪಳಿ ಮಾತ್ರ ನಡಾವಳಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಗಡಿಯಾರವನ್ನೊಮ್ಮೆ ನೋಡಿ, ರೆಕಾರ್ಡಿನ ಲಕೋಟೆಯನ್ನೊಮ್ಮೆ ನೋಡಿದ. ಲಕೋಟೆಯ ಬೆನ್ನಿಗೆ ಇಪ್ಪತ್ತನಾಲ್ಕು ನಿಮಿಷ ಎಂದು ಅಚ್ಚಾಗಿತ್ತು.

"ಹದಿನೆಂಟರಲ್ಲಿ ಮುಗೀತು," ಎಂದ ಮೆಲ್ಲಗೆ, ಹಲ್ಲಣ್ಣನಿಗಷ್ಟೇ ಕೇಳಿಸುವಂತೆ. "ತಿರುಗಿದ ಕುರ್ಚಿ ಸೊನ್ನೆ ಅಂತ ಬರ್ಕೊಳ್ಳಲಾ?"

ಸರಪಳಿಗೆ ಗೊತ್ತಾಗಿದೆ. ಗೊತ್ತಿದ್ದೂ ಹೇಳುವುದಿಲ್ಲ. ಬೀಗದ ಕೈಯನ್ನು ಹಲ್ಲಣ್ಣನ ಜೇಬಿನಲ್ಲೇ ಬಿಟ್ಟು, ಜುಟ್ಟನ್ನು ಅವನು ಹಿಡಿದುಕೊಳ್ಳುತ್ತಾನೆ. ಇನ್ನು ಬದುಕಿರುವಷ್ಟು ದಿನ ಪ್ರತಿ ತಿಂಗಳೂ ಆ ಗಡಿಯಾರ ಮೇಜಿನ ಮೇಲಿರುತ್ತದೆ. ಹಲ್ಲಣ್ಣ ಎದ್ದು ನಿಂತ.

"ಬರೀಬೇಡಿ. ಆರು ನಿಮಿಷ ಕಾಣೆಯಾಗಿದೆ. ವೇಗ ತಪ್ಪಿತ್ತು. ತಪ್ಪು ನಂದು. ಆದ್ರೆ ನೀವು! ಆ ಹೆಂಗಸಿನ ಪ್ರಾಣ ಹಿಂಡಿ, ಕೋತಿ ಕುಣಿಸಿದ ಹಾಗೆ ಕುಣಿಸಿದೀನಿ, ನೀವು ಚಪ್ಪಾಳೆ ತಟ್ತೀರಿ! ಹಲ್ಲಿಲ್ಲದ ಬಾಯಿಗೆ ನಾನು ಸೆಟ್ಟು ಮಾಡಿಕೊಡಬಲ್ಲೆ. ಇಂಥ ಕಿವಿಗೆ ಎಲ್ಲಿಂದ ತರಲಿ?"

"ನಮ್ಮನ್ಯಾಕೆ ಬೈತೀರಿ? ಗುಂಡಿ ತಿರುಗಿಸಿದ್ದು ನಾವಾ?" ಎಂದು ದರ್ಜಿ ಸಿಡುಕಿದ.

"ಮತ್ತೆ ಹಾಕ್ತೀನಿ. ಸರಿಯಾಗಿ. ಅದಕ್ಕೆ ಬರ್ಕೊಳ್ಳಿ."

ಹಾಕಿದ. ಚೆಲ್ಲೊ ನೆಲದಡಿಯಿಂದ ಬಂದಂತೆ ಉಜ್ಜತೊಡಗಿತು. ಮೊದಲ ನಿಮಿಷ ಮುಗಿಯುವ ಮುನ್ನವೇ ಸರಪಳಿಯ ಕುರ್ಚಿ ತಿರುಗಿತು. ಆಮೇಲೆ ದರ್ಜಿಯದು, ಔಷಧಿ ಅಂಗಡಿಯಾಕೆಯದು. ಹನ್ನೊಂದರಲ್ಲಿ ಒಂಬತ್ತು. ಹಲ್ಲಣ್ಣ ಇಪ್ಪತ್ತನಾಲ್ಕು ನಿಮಿಷವೂ ಬೆನ್ನುಗಳನ್ನು ನೋಡುತ್ತ ನೆಟ್ಟಗೆ ಕುಳಿತಿದ್ದ.

ಜನ ಗೊಣಗುತ್ತ ಮೆಟ್ಟಿಲಿಳಿದು ಹೋದ ಮೇಲೆ ಇಬ್ಬರೇ ಉಳಿದರು. ಹಲ್ಲಣ್ಣ ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿದ. ಬಳಿಕ ಕಪಾಟು ತೆರೆದು ಒಂದೊಂದೇ ಲಕೋಟೆಯಿಂದ ತನ್ನ ಚೀಟಿಗಳನ್ನು ತೆಗೆದು ಚಪ್ಪಲಿಯ ಖಾಲಿ ಡಬ್ಬವೊಂದಕ್ಕೆ ತುಂಬತೊಡಗಿದ.

"ಚೀಟಿ ಸಂಘದ್ದು," ಎಂದ ಸರಪಳಿ.

"ರೆಕಾರ್ಡು ಸಂಘಕ್ಕೆ ಕೊಟ್ಟೆ. ಅಕ್ಷರ ಕೊಟ್ಟಿಲ್ಲ."

ಸರಪಳಿ ಬೀಗದ ಕೈಯನ್ನು ತೂಗಿ ನೋಡುವವನಂತೆ ಅಂಗೈಯಲ್ಲಿಟ್ಟುಕೊಂಡ. ಮುನ್ನೂರು ಚೀಟಿ ದಾಟಿದ ಮೇಲೆ ಹಲ್ಲಣ್ಣನೇ ತಿರುಗಿ ನೋಡದೆ ಕೇಳಿದ:

"ಯಾವಾಗ ಗೊತ್ತಾಯ್ತು ನಿಮಗೆ? ಗಡಿಯಾರ ನೋಡಿಯಾ?"

"ಗಡಿಯಾರ ಸಾಕ್ಷಿಗೆ. ಗೊತ್ತಾಗಿದ್ದು ಮೊದಲ ಸ್ವರಕ್ಕೆ."

"ಸುಳ್ಳು. ಹನ್ನೊಂದು ವರ್ಷದ ಹಿಂದೆ ಒಂದೇ ಸಲ ಹಾಕಿದ್ದೆ. ಆವತ್ತೂ ಮೊದಲು ತಿರುಗಿಸಿದ್ದು ನೀವೇ."

"ಬೆನ್ನು ತಿರುಗಿಸಿದ್ದೆ, ಹೌದು. ಕಿವಿ ಎರಡೂ ಪಕ್ಕದಲ್ಲೇ ಇರ್ತಾವಲ್ಲ ಹಲ್ಲಣ್ಣ. ಗೋಡೆ ಕಡೆ ಕೂತ್ರೆ ನಿಮ್ಮ ಮುಖ ಕಾಣಲ್ಲ, ಅಷ್ಟೇ ಲಾಭ."

ಹಲ್ಲಣ್ಣ ತಿರುಗಿ ನೋಡಿದ. ಆ ಕೋಣೆಯಲ್ಲಿ ಇಷ್ಟು ವರ್ಷ ಒಬ್ಬನೇ ಒಬ್ಬ ಕೇಳುಗನಿದ್ದ; ಅವನೂ ಇಂಥವನು! ಕೈಯಲ್ಲಿದ್ದ ಚೀಟಿಯನ್ನು ಡಬ್ಬಕ್ಕೆ ಒತ್ತಿ ತುರುಕಿದ.

"ಅಟ್ಟಕ್ಕೆ ಯಾವತ್ತು?" ಎಂದ.

"ಅಳೆಯದೆ ಗಡಿ ಹಾಕಿದೋನಲ್ಲ ನಾನು. ಒಂದೊಂದೇ ಕೇಳ್ತೀನಿ. ಕೇಳಿ, ಕಸ ಅಂತ ಕಾರಣ ಬರೆದು, ಆಮೇಲೆ ಏರಿಸ್ತೀನಿ. ಆಕ್ಷೇಪಣೆ ಇದ್ರೆ ಲಿಖಿತವಾಗಿ ಕೊಡಿ. ಉತ್ತರ ಕೊಡೋವರೆಗೂ ಮುಟ್ಟಲ್ಲ."

ಮನೆಯಲ್ಲಿ ಅಕ್ಕ ಡಬ್ಬದ ಮುಚ್ಚಳ ತೆಗೆದು ಇಣುಕಿದಳು. "ತಟ್ಟೆ ಅವನ ಹತ್ರ, ಊಟದ ಪಟ್ಟಿ ನಿನ್ನ ಹತ್ರ! ಇಬ್ಬರೂ ಉಪವಾಸ ಬೀಳಿ. ಚೆನ್ನಾಗಿದೆ!" ಎಂದು, ಡಬ್ಬವನ್ನು ಮಂಚದ ಕೆಳಗೆ ತಳ್ಳಿದಳು.

ಒಂಬತ್ತು ದಿನದ ಮೇಲೆ ಚಿಕಿತ್ಸಾಲಯದ ವಿಳಾಸಕ್ಕೆ ಒಂದು ಕಾರ್ಡು ಬಂತು. 'ನಂಬರು ಒಂದು. ಕೇಳಿದೆ. ಕಬ್ಬಿಣದ ಅಂಗಡಿಯಲ್ಲಿ ಬೆಕ್ಕು ಓಡಾಡಿದಂತಿದೆ. ಅಟ್ಟಕ್ಕೆ.' ಹಲ್ಲಣ್ಣ ಅರ್ಧ ಹಚ್ಚಿದ ಕೋರೆಹಲ್ಲನ್ನು ಹಾಗೆಯೇ ಬಿಟ್ಟು ಮನೆಗೆ ಹೋಗಿ, ಮಂಚದ ಕೆಳಗೆ ನುಗ್ಗಿ, ಒಂದನೆಯ ಚೀಟಿ ಹುಡುಕಿ, ಕೆಂಪು ಶಾಯಿಯಲ್ಲಿ ಎರಡು ಪುಟ ಬರೆದ. ತನ್ನ ಚೀಟಿಯಲ್ಲಿದ್ದ ಮಾತನ್ನೆಲ್ಲ ಇಳಿಸಿ, ಜೊತೆಗೆ ಚೀಟಿಯಲ್ಲಿ ಇಲ್ಲದ ಬೈಗುಳವನ್ನೂ ಸೇರಿಸಿದ. ವಾರದೊಳಗೆ ಉತ್ತರ: 'ಮರಳಿ ಕೇಳಿದೆ. ಬೆಕ್ಕು ಎಂಬುದನ್ನು ಹಿಂತೆಗೆದುಕೊಂಡಿದ್ದೇನೆ. ಕಬ್ಬಿಣದ ಅಂಗಡಿ ನಿಲ್ಲುತ್ತದೆ. ಸದ್ಯ ಕಪಾಟಿನಲ್ಲಿಯೇ ಇರಲಿ.'

ಹೀಗೆ ನಾಲ್ಕು ವರ್ಷ ನಡೆಯಿತು. ಬೀದಿಯಲ್ಲಿ ಎದುರಾದರೆ ಒಬ್ಬರು ಈ ಪಕ್ಕ, ಒಬ್ಬರು ಆ ಪಕ್ಕ. ಮಾತಿಲ್ಲ, ಕತೆಯಿಲ್ಲ. ಹಲ್ಲಣ್ಣ ಮತ್ತೆಂದೂ ಸಂಘದ ಮೆಟ್ಟಿಲು ಹತ್ತಲಿಲ್ಲ. ನೂರ ನಲವತ್ತಮೂರರವರೆಗೆ ವಿಚಾರಣೆ ಮುಗಿದಿತ್ತು. ಅಟ್ಟಕ್ಕೆ ಹೋದದ್ದು ಹತ್ತೊಂಬತ್ತು. ಅವುಗಳಲ್ಲಿ ಏಳನ್ನು ಹಲ್ಲಣ್ಣನೇ 'ಇದು ಕಸ, ನಾನೂ ಮೋಸಹೋಗಿದ್ದೆ' ಎಂದು ಬಿಟ್ಟುಕೊಟ್ಟಿದ್ದ. ಹಾಗೆ ಬರೆದ ದಿನ ಅವನು ಅಕ್ಕನ ಮೇಲೂ, ಸಾಣೆಯಂತ್ರದ ಮೇಲೂ ರೇಗಾಡುತ್ತಿದ್ದ.

ಪಿಸುಗುಟ್ಟುವಷ್ಟೇ ಸದ್ದಿದ್ದ ನೂರ ನಲವತ್ತನಾಲ್ಕನೆಯ ರೆಕಾರ್ಡಿನ ಕಾರ್ಡು ಬಂದಾಗ ಅವನು ಜ್ವರದಿಂದ ಮಲಗಿದ್ದ. ಅಕ್ಕ ಕನ್ನಡಕ ಏರಿಸಿ ಓದಿದಳು: "'ಮೂರು ಸಲ ಕೇಳಿದೆ. ಖಾಲಿ ಡಬ್ಬ. ಒಳಗೆ ಏನೂ ಇಲ್ಲ. ಅಟ್ಟಕ್ಕೆ.' ಏನಂತ ಬರೀಲಿ? ಹುಷಾರಿಲ್ಲ ಅಂತ ಬರೀಲಾ?"

"ಅವನಿಗ್ಯಾಕೆ ನನ್ನ ಹುಷಾರು?" ಹಲ್ಲಣ್ಣ ಮೊಣಕೈ ಊರಿ ಎದ್ದು ಕುಳಿತ. "ಕೆಂಪು ಶಾಯಿ ತಗೋ, ಅಕ್ಕ. ನಾನು ಹೇಳ್ತೀನಿ, ಬರೀ. 'ಕಿಟಕಿ ತೆರೆದಿಟ್ಟು ಕೇಳಿದ್ದೀರಿ. ಕೆಳಗಿನ ಸೈಕಲ್ ಅಂಗಡಿಯವನ ಸುತ್ತಿಗೆಯಲ್ಲಿ ಅದು ಮುಳುಗಿಹೋಗಿದೆ. ಅವನು ರಜೆ ಹಾಕಿದ ದಿನ, ಕಿಟಕಿ ಮುಚ್ಚಿ, ಮತ್ತೆ ಕೇಳಿ. ಆಮೇಲೆ ಬೈಯಿರಿ.'"