ಮೂರಡಿ ಬಾಗಿಲಿನ ಬಾಹ್ಯಾಕಾಶ ನಿಲ್ದಾಣ

ನಾನು ಕೊಡಿಗೇನಹಳ್ಳಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೊಟ್ಟೆ ಸ್ವಲ್ಪ ಮುಂದಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಡೆದದ್ದರಲ್ಲಿ ಅದರ ಪಾಲೂ ಇದೆ.

ಎರಡು ವರ್ಷದ ಹಿಂದೆ ಮಧುಗಿರಿಯಲ್ಲಿ ಶಿಕ್ಷಕರ ವಿಜ್ಞಾನ ಮೇಳ ಮಾಡಿದರು. ಮಾದರಿಗಳನ್ನು ಯಾವಾಗಲೂ ಮಕ್ಕಳ ಕೈಲೇ ಮಾಡಿಸುತ್ತೀರಿ, ಈ ಸಲ ನೀವೇ ಮಾಡಿ ಎಂದು ಶಿಕ್ಷಣ ಇಲಾಖೆಯ ಸಾಹೇಬರು ಹುಕುಂ ಹೊರಡಿಸಿದ್ದರು. ತಾಲ್ಲೂಕಿಗೊಬ್ಬರಂತೆ ನಾಲ್ಕು ಜನರ ಗುಂಪು. ಮಧುಗಿರಿಯಿಂದ ನಾನು, ಶಿರಾದಿಂದ ಆರಡಿ ಎತ್ತರದ ಗಣಿತದ ಮೇಷ್ಟ್ರು, ಕೊರಟಗೆರೆಯಿಂದ ಡ್ರಾಯಿಂಗ್ ಮೇಡಂ, ಪಾವಗಡದಿಂದ ಪಿ.ಟಿ. ಮೇಷ್ಟ್ರು. ನಾವು ಎತ್ತಿದ ಚೀಟಿಯಲ್ಲಿ ಬಂದ ವಿಷಯ, ಬೇರೆ ಬೇರೆ ದೇಶಗಳು ಸೇರಿ ಕಟ್ಟಿದ, ಮನುಷ್ಯರು ವಾಸ ಮಾಡುವ ಬಾಹ್ಯಾಕಾಶ ನಿಲ್ದಾಣ.

"ಜನ ಇರೋ ನಿಲ್ದಾಣ ಅಂದ್ಮೇಲೆ ಜನ ಒಳಗೆ ಓಡಾಡ್ಬೇಕು ಕಣ್ರೀ," ಎಂದರು ಸಾಹೇಬರು. "ಬೆಂಕಿಪೊಟ್ಟಣದಲ್ಲಿ ಮಾಡ್ಕಂಡ್ ಬಂದ್ಬುಟ್ಟೀರ."

ಹಾಗಾಗಿ ದೊಡ್ಡದೇ ಮಾಡುವುದೆಂದಾಯಿತು. ತಾಲ್ಲೂಕಿಗೊಂದು ದೇಶ, ದೇಶಕ್ಕೊಂದು ಕೋಣೆ, ಮೇಳದ ದಿನ ನಾಲ್ಕನ್ನೂ ಸಾಲಾಗಿಟ್ಟು ಜೋಡಿಸುವುದು. ಆದರೆ ಅಮೆರಿಕ ಯಾರಾಗಬೇಕು ಎಂಬಲ್ಲೇ ಅರ್ಧ ದಿನ ಹೋಯಿತು.

"ನಮ್ದು ದೊಡ್ಡ ತಾಲ್ಲೂಕು, ನಾವೇ ಅಮೆರಿಕ," ಎಂದರು ಶಿರಾದವರು.

"ಸೋಲಾರು ಯಾರತ್ರ ಐತೆ ಸಾರ್? ಮಾತ್ರ ತಾನೆ!" ಎಂದರು ಪಾವಗಡದವರು. ಅವರಿಗೆ ಅರ್ಧ ಮಾತು ತೆಲುಗಿನಲ್ಲೇ ಬರುವುದು; 'ಮಾತ್ರ' ಅಂದರೆ 'ಮಾ ದಗ್ಗರ', ನಮ್ಮ ಹತ್ತಿರ ಎಂದು ಅವರೇ ಬಿಡಿಸಿ ಹೇಳಬೇಕಾಯಿತು. ನಿಜವಾದ ನಿಲ್ದಾಣದಲ್ಲೂ ದೊಡ್ಡ ಸೋಲಾರ್ ಹಲಗೆಗಳು ಅಮೆರಿಕದವೇ, ಪಾವಗಡದಲ್ಲೋ ಬಿಸಿಲನ್ನೇ ಬೆಳೆಯುತ್ತಾರೆ. ಪಾವಗಡ ಅಮೆರಿಕವಾಯಿತು. ಶಿರಾದವರು ಮುಖ ಊದಿಸಿಕೊಂಡು ರಷ್ಯಾ ಆದರು. ಮೇಡಂ ಕೇಳದೆಯೇ ಜಪಾನ್ ಬರೆದುಕೊಂಡುಬಿಟ್ಟಿದ್ದರು. ಉಳಿದ ಯುರೋಪು ನನಗೆ.

ಕೋಣೆಯಿಂದ ಕೋಣೆಗೆ ಹೋಗುವ ಬಾಗಿಲು ಎಲ್ಲ ಕಡೆ ಒಂದೇ ಅಳತೆಯಲ್ಲಿರಬೇಕಲ್ಲ. ಒಂದು ಸಂಜೆ ಪಾವಗಡಕ್ಕೆ ಫೋನು ಮಾಡಿದೆ.

"ಬಾಗಿಲು ಎಷ್ಟಗಲ ಇಡಾಣ ಮೇಷ್ಟ್ರೇ?"

"ಮೂರ ಸಾಕು ಸಾರ್."

"ಮೂರು ಸಾಕಾ?"

"ಔನು, ಮೂರ. ಅದಕ್ಕಿಂತ ಜಾಸ್ತಿ ಎಂದುಕು?"

ಮೂರಡಿ ಎಂದು ಬರೆದುಕೊಂಡೆ. ಶಿರಾಕ್ಕೂ ಕೊರಟಗೆರೆಗೂ ಅದನ್ನೇ ತಿಳಿಸಿದೆ. ಬಿದಿರಿನ ದಬ್ಬೆ ಬಗ್ಗಿಸಿ, ರಟ್ಟು ಹೊದಿಸಿ, ಮೇಲೆ ಬೆಳ್ಳಿ ಕಾಗದ ಅಂಟಿಸಿ ಯುರೋಪು ಕಟ್ಟಿದೆ. ಅಷ್ಟಕ್ಕೇ ಬಿಡದೆ ನಾನೇ ಗಗನಯಾತ್ರಿಯಾಗುತ್ತೇನೆಂದೂ ಘೋಷಿಸಿದೆ. ಊರಿನ ಟೈಲರು ಬಿಳಿ ಬಟ್ಟೆಯಲ್ಲಿ ಉಡುಪು ಹೊಲಿದುಕೊಟ್ಟ. ಅದು ಜೋತುಬಿದ್ದು ಪಂಚೆ ಒಣಹಾಕಿದಂತೆ ಕಾಣುತ್ತಿದ್ದುದರಿಂದ ಹಳೇ ಹಾಸಿಗೆಯೊಂದನ್ನು ಬಿಚ್ಚಿ ಅದರ ಹತ್ತಿಯನ್ನೆಲ್ಲ ಒಳಗೆ ತುಂಬಿಸಿದೆ.

ಹೆಂಡತಿ ನೋಡಿ, "ನೆಲದ ಮ್ಯಾಲೆ ನೆಟ್ಟಗೆ ನಡೆಯಕ್ಕಾಗಲ್ಲ, ಹಾಸಿಗೆ ಬಿಚ್ಕಂಡು ಆಕಾಸಕ್ಕೆ ಹೊಂಟವ್ರೆ," ಎಂದಳು. ನಾನು ಕೇಳಿಸದವನಂತೆ ಹೆಲ್ಮೆಟ್ ಒರೆಸುತ್ತಿದ್ದೆ.

ಮೇಳದ ದಿನ ಬೆಳಿಗ್ಗೆ ನಾಲ್ಕು ದಿಕ್ಕಿನಿಂದ ನಾಲ್ಕು ದೇಶಗಳು ಲಗೇಜ್ ಆಟೋದಲ್ಲಿ ಬಂದಿಳಿದವು. ರಷ್ಯಾ, ಜಪಾನ್, ಯುರೋಪು ಸರಾಗವಾಗಿ ಕೂಡಿಕೊಂಡವು. ಕೊನೆಗೆ ಅಮೆರಿಕವನ್ನು ಉರುಳಿಸಿಕೊಂಡು ಬಂದರು. ಅದೊಂದು ಹಳೇ ಕಪ್ಪು ನೀರಿನ ಟ್ಯಾಂಕು. ಅದರ ತಳದಲ್ಲಿ ಗುಂಡಗೆ ಒಂದು ತೂತು ಕೊರೆದಿದ್ದರು. ಅದರೊಳಗೆ ಕುರಿಮರಿ ನುಗ್ಗೀತು, ಕುರಿ ಯೋಚನೆ ಮಾಡೀತು.

"ಇದೇನ್ರೀ ಇದು? ಮೂರಡಿ ಅಂದಿದ್ರಲ್ಲ!"

"ನಾನ್ಯಾವಾಗ ಅಡಿ ಅಂದೆ? ಮೂರ ಅಂದೆ," ಎಂದು ಪಾವಗಡದವರು ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದರು. ನಾವು ಮೊಳ ಅನ್ನುವುದಕ್ಕೆ ತೆಲುಗಿನಲ್ಲಿ ಮೂರ ಅನ್ನುತ್ತಾರೆಂದು ನನಗೆ ಆಗ ತಿಳಿಯಿತು.

"ಖಾಲಿಪೀಲಿ ಜಗಳ ಬ್ಯಾಡ. ಗೇಟ್ ಹತ್ರ ಸಾಹೇಬ್ರ ಜೀಪ್ ಬಂತು, ಜಲ್ದಿ ಜೋಡ್ಸಿ," ಎಂದರು ಶಿರಾದವರು.

ಟ್ಯಾಂಕನ್ನು ಅಡ್ಡ ಮಲಗಿಸಿ ಯುರೋಪಿಗೆ ತಾಗಿಸಿದರು. ನಾನು ಹತ್ತಿಯ ಉಡುಪು ತೊಟ್ಟು ರಷ್ಯಾದಲ್ಲಿ ಹೊಕ್ಕು ಅಂಬೆಗಾಲಿಟ್ಟು ಹೊರಟೆ. ಜಪಾನ್ ದಾಟಿದೆ, ಯುರೋಪು ದಾಟಿದೆ. ಅಮೆರಿಕದ ಬಾಗಿಲಿಗೆ ತಲೆ ಕೊಟ್ಟೆ, ಭುಜ ತೂರಿಸಿದೆ. ಹೊಟ್ಟೆಯ ಹತ್ತಿರ ಎಲ್ಲವೂ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಳಗೆ ಹಳೇ ಪಾಚಿಯ ವಾಸನೆ, ಮೈಯೆಲ್ಲ ಬೆವರು. ನನ್ನ ಕಾಲು ಯುರೋಪಿನಲ್ಲಿ ಒದ್ದಾಡುತ್ತಿತ್ತು.

ಅಷ್ಟರಲ್ಲಿ ಸಾಹೇಬರ ದನಿ ಕೇಳಿಸಿತು. "ಏನ್ ನಡೀತಾ ಐತೆ ಇಲ್ಲಿ?"

ಡ್ರಾಯಿಂಗ್ ಮೇಡಂ ಬಲು ಶಾಂತವಾಗಿ, "ಡಾಕಿಂಗ್ ಸಾರ್, ಆಕಾಶದಲ್ಲಿ ಒಂದಕ್ಕೊಂದು ಜೋಡ್ಸೋದು. ಇದ್ಕೆ ಸ್ವಲ್ಪ ಟೈಮಾಗುತ್ತೆ," ಎಂದರು.

"ಒಳಗಿರೋರು ಮಾತಾಡ್ತಾರಾ?"

"ಮಾತಾಡ್ತೀನಿ ಸಾರ್," ಎಂದೆ. ಟ್ಯಾಂಕಿನೊಳಗಿಂದ ನನ್ನ ದನಿ ನಿಜವಾಗಿಯೂ ಅಂತರಿಕ್ಷದಿಂದಲೇ ಬಂದ ಹಾಗೆ ಗುಂಯ್ ಎಂದಿತು. ಜನ ಚಪ್ಪಾಳೆ ಹೊಡೆದರು. ನನಗೆ ಅಳು ಬರುವುದೊಂದು ಬಾಕಿ.

ಶಿರಾದವರು ಕಾಲು ಹಿಡಿದು ಎಳೆದರು. ಪಾವಗಡದವರು ಟ್ಯಾಂಕಿನ ಬಾಯಿಯಿಂದ ತಲೆ ಇಣುಕಿಸಿ ನನ್ನ ಕೈ ಹಿಡಿದು ಎಳೆದರು. ಇಬ್ಬರೂ ಎದುರುಬದುರು ಎಳೆಯುತ್ತಿದ್ದಾರೆಂಬುದು ನನ್ನೊಬ್ಬನಿಗೇ ಗೊತ್ತಾದದ್ದು. "ಲೇ, ಯಾರಾದ್ರೂ ಒಬ್ರು ಬುಡ್ರೋ!" ಎಂದು ಕಿರುಚಿದೆ. ಸಹೋದ್ಯೋಗಿಗಳನ್ನು ನಾನು ಲೇ ಎಂದದ್ದು ಅದೊಂದೇ ಸಲ. ಮೇಡಂ ಯುರೋಪಿನೊಳಗೆ ನುಗ್ಗಿ, ಯಾವಾಗಲೂ ಜೊತೆಗಿಟ್ಟುಕೊಳ್ಳುವ ಕತ್ತರಿ ತೆಗೆದು, ಬೆನ್ನಿನ ಹೊಲಿಗೆಯನ್ನು ಕಚಕ್ಕನೆ ಬಿಚ್ಚಿದರು. ಹತ್ತಿಯನ್ನು ಹಿಡಿಹಿಡಿಯಾಗಿ ಕಿತ್ತು ಹಿಂದಕ್ಕೆ ಎಸೆದರು. ನಾನು ಉಸಿರು ಬಿಟ್ಟೆ. ಹೊಟ್ಟೆ ಇಳಿಯಿತು, ಅಮೆರಿಕದೊಳಗೆ ಧೊಪ್ಪನೆ ಬಿದ್ದೆ.

ಹೊರಗೆ ಬಂದು ನೋಡಿದರೆ ಫ್ಯಾನಿನ ಗಾಳಿಗೆ ಸಭಾಂಗಣದ ತುಂಬ ಹತ್ತಿ ತೇಲುತ್ತಿತ್ತು. ಸಾಹೇಬರ ಕನ್ನಡಕದ ಮೇಲೊಂದು ಎಳೆ ಕೂತಿತ್ತು. ಅವರು ಅದನ್ನು ತೆಗೆದು, ಬೆರಳ ತುದಿಯಲ್ಲಿ ಹಿಡಿದು, "ಆಕಾಶದಲ್ಲಿ ತೂಕ ಇರಲ್ಲ ಅನ್ನೋದನ್ನ ಇಷ್ಟು ಚೆನ್ನಾಗಿ ತೋರಿಸಿದ್ದನ್ನ ನಾನು ನೋಡೇ ಇರ್ಲಿಲ್ಲ," ಎಂದರು. ನಾವು ನಾಲ್ವರೂ ವಿನಯದಿಂದ ತಲೆ ಬಗ್ಗಿಸಿದೆವು. ಯಾರಾದರೂ ಒಬ್ಬರು ತಲೆ ಎತ್ತಿದ್ದರೂ ನಗು ತಡೆಯಲಾಗುತ್ತಿರಲಿಲ್ಲ.

ಮೊದಲ ಬಹುಮಾನ ಬೇರೆ ಗುಂಪಿನ ಗಾಳಿಯಂತ್ರಕ್ಕೆ ಹೋಯಿತು. ನಮಗೆ ಸಮಾಧಾನಕರ ಬಹುಮಾನ, ನಾಲ್ಕು ಜನಕ್ಕೆ ಸೇರಿ ಒಂದು ಗೋಡೆ ಗಡಿಯಾರ. ಯಾರ ಸ್ಕೂಲಿಗೆ ಎಂದು ಮತ್ತೆ ಜಗಳವಾಗುವ ಮೊದಲೇ ಮೇಡಂ ತೀರ್ಮಾನ ಕೊಟ್ಟರು: ಮೂರು ಮೂರು ತಿಂಗಳು ಒಂದೊಂದು ತಾಲ್ಲೂಕಿನಲ್ಲಿ. ಅಂದಿನಿಂದ ಅದು ಟವೆಲಿನಲ್ಲಿ ಸುತ್ತಿಸಿಕೊಂಡು ಬಸ್ಸಿನಲ್ಲಿ ಸುತ್ತುತ್ತಿದೆ. ಈಗ ಪಾವಗಡದಲ್ಲಿದೆ. ಮೊನ್ನೆ ಅಲ್ಲಿಂದ ಫೋನು ಬಂತು.

"ಸಾರ್, ಸೆಲ್ಲು ಮುಗಿದೋಯ್ತು. ಯಾವ ಸೈಜು ತರಾಣ?"

"ಬಾಯಲ್ಲಿ ಹೇಳಲ್ಲ ಮಾರಾಯ್ರೇ, ಹಳೇದನ್ನೇ ಅಂಗಡಿಗೆ ತಗಂಡ್ ಹೋಗಿ," ಎಂದೆ.