ಏರ್ ಪಂಪ್ ನಿಂತುಹೋದ ದಿನ

ಲ್ಯಾಬ್ ಬಾಗಿಲು ತೆಗೆದ ತಕ್ಷಣ ಏನೋ ಸರಿಯಿಲ್ಲ ಅನ್ನಿಸ್ತು. ಏರ್ ಪಂಪ್‌ನ ಗುಳುಗುಳು ಶಬ್ದ ಇರಲಿಲ್ಲ.

ಡಬ್ಲಿನ್‌ನಲ್ಲಿ ಮೊದಲ ಲಾಕ್‌ಡೌನ್. ವಾರಕ್ಕೊಂದು ಸಲ, ಒಬ್ಬಳೇ ಹೋಗಿ ನನ್ನ ಡ್ಯಾಫ್ನಿಯಾಗಳಿಗೆ ಊಟ ಹಾಕಿ ಬರೋಕೆ ಪರ್ಮಿಷನ್ ಇತ್ತು.

ಡ್ಯಾಫ್ನಿಯಾ ಅಂದ್ರೆ ಸೀಗಡಿಯ ದೂರದ ನೆಂಟ. ಎಳ್ಳಿನಷ್ಟು ಪುಟ್ಟದು, ಮೈಯೆಲ್ಲ ಗಾಜು. ಅದರ ರಕ್ತದ ಹಿಮೋಗ್ಲೋಬಿನ್ ಜೀನ್‌ಗಳೇ ನನ್ನ ಪಿಎಚ್‌ಡಿ.

ಎಲ್ಲ ಸತ್ತಿರ್ತವೆ ಅಂದ್ಕೊಂಡೇ ಟ್ಯಾಂಕ್ ನೋಡಿದೆ. ಈಜಾಡ್ತಿದ್ವು! ಆದ್ರೆ ಒಂದೊಂದೂ ಕೆಂಪು ಕೆಂಪು...

ನೀರಲ್ಲಿ ಆಕ್ಸಿಜನ್ ಕಮ್ಮಿಯಾದ್ರೆ ಆ ಜೀನ್‌ಗಳು ಚುರುಕಾಗಿ ಹಿಮೋಗ್ಲೋಬಿನ್ ಜಾಸ್ತಿ ಮಾಡ್ತವೆ. ಕೆಲವೇ ದಿನಕ್ಕೆ ಬಣ್ಣ ಬದಲಾಗುತ್ತೆ. ಬದುಕ್ಕೋತವೆ.

ಖುಷಿಯಾಗಬೇಕಿತ್ತು. ಆದ್ರೆ ಆಕ್ಸಿಜನ್ ಕಮ್ಮಿಯಿದ್ರೂ ಏನೂ ಆಗದ ಹಾಗೆ ಈಜಾಡ್ತಿದ್ದ ಅವನ್ನ ನೋಡಿ ನಾನು ಫೋನ್ ತೆಗೆದೆ.

ಯಾಕಂದ್ರೆ ಸ್ಯಾಂಟ್ರಿಯ ನಮ್ಮ ಫ್ಲ್ಯಾಟಲ್ಲಿ ಸುಮಕ್ಕ ಆರು ದಿನದಿಂದ ಕೋವಿಡ್ ಅಂತ ರೂಮ್ ಬಾಗಿಲು ಹಾಕ್ಕೊಂಡು ಮಲಗಿದ್ರು. ನನ್ನ ಜೊತೆ ಫ್ಲ್ಯಾಟ್ ಹಂಚ್ಕೊಂಡಿದ್ದ ದಾವಣಗೆರೆಯವರು, ಇಲ್ಲೇ ಆಸ್ಪತ್ರೆಯಲ್ಲಿ ಡಾಕ್ಟರ್.

ಬೆಳಗ್ಗೆ ಹೊರಡೋವಾಗ "ಆಕ್ಸಿಜನ್ ಎಷ್ಟಿದೆ ಅಕ್ಕಾ?" ಅಂತ ಬಾಗಿಲಾಚೆಯಿಂದ ಕೇಳಿದ್ದೆ.

"ಗ್ರ್ಯಾಂಡ್ ಆಗಿದೀನಿ ಕಣೇ, ನೀನು ಹೋಗ್ಬಾ" ಅಂದಿದ್ರು, ಚೆನ್ನಾಗಿದೀನಿ ಅನ್ನೋಕೆ ಡಬ್ಲಿನ್‌ನವರು ಅನ್ನೋ ಹಾಗೆ. ನಂಬರ್ ಹೇಳಿರಲಿಲ್ಲ...

ಅಲ್ಲಿಂದ್ಲೇ ವಿಡಿಯೋ ಕಾಲ್ ಮಾಡ್ದೆ. ಮುಖ ನಗ್ತಿದೆ, ತುಟಿ ಮಾತ್ರ ನೀಲಿ.

"ಆಕ್ಸಿಮೀಟರ್ ಹಾಕಿ ತೋರಿಸಿ."

"ಡಾಕ್ಟರ್ ನಾನೋ ನೀನೋ?"

"ತೋರಿಸಿ ಅಕ್ಕಾ!" ಕೂಗೇಬಿಟ್ಟೆ.

ಎಂಬತ್ನಾಲ್ಕು. ತೊಂಬತ್ತೈದರ ಮೇಲಿರಬೇಕಾದ್ದು.

ಅವರು ಮುಖ ಆಚೆ ತಿರುಗಿಸಿದ್ರು.

"ನಿನ್ನೆಯಿಂದ್ಲೇ ಹೀಗೇ ಇದೆ ಕಣೇ. ವಾರ್ಡಲ್ಲಿ ಏನೇನಾಗುತ್ತೆ ಅಂತ ದಿನಾ ನೋಡಿದೀನಿ. ಒಳಗೆ ಹೋದ್ರೆ ವಾಪಸ್ ಬರಲ್ವೇನೋ ಅಂತ..."

ಮಾತು ಪೂರ್ತಿ ಮಾಡೋಕೆ ಉಸಿರು ಸಾಲಲಿಲ್ಲ.

ಕಾಲ್ ಕಟ್ ಮಾಡಿ ಆಂಬ್ಯುಲೆನ್ಸ್‌ಗೆ ಫೋನ್ ಮಾಡ್ದೆ. ಪಂಪ್ ಹಾಗೇ ಬಿಟ್ಟು ಸೈಕಲ್ ಹತ್ತಿದೆ. ಖಾಲಿ ರೋಡು, ದಾರಿಯುದ್ದಕ್ಕೂ "ಆಂಬ್ಯುಲೆನ್ಸ್‌ನವರಿಗೆ ಅಕ್ಕ ಬಾಗಿಲು ತೆಗೀಲಿ, ಅಷ್ಟೇ ಸಾಕು" ಅಂತ ಬೇಡ್ಕೊಂಡೆ.

ನಾನು ತಲುಪೋ ಹೊತ್ತಿಗೆ ಅವರನ್ನ ಆಗ್ಲೇ ಕೆಳಗೆ ಕರ್ಕೊಂಡು ಬರ್ತಿದ್ರು. ಹತ್ರ ಬಿಡಲಿಲ್ಲ. ಮಾಸ್ಕ್ ಮೇಲಿಂದ ಸುಮಕ್ಕನ ಕಣ್ಣು ನನ್ನನ್ನೇ ಹುಡುಕ್ತಾ ಇತ್ತು. ಕೈ ಎತ್ತಿದೆ. ಆಂಬ್ಯುಲೆನ್ಸ್ ಬಾಗಿಲು ಮುಚ್ಚಿತು.

ಹನ್ನೊಂದು ದಿನ. ಫೋನ್ ರಿಂಗ್ ಆದಾಗೆಲ್ಲ ಆಸ್ಪತ್ರೆಯಿಂದಲೇ ಇರಬೇಕು ಅಂದ್ಕೊಂಡು ಎತ್ತುತಿದ್ದೆ.

ಹನ್ನೆರಡನೇ ದಿನ ಟ್ಯಾಕ್ಸಿಯಿಂದ ಇಳಿದ್ರು. ಅರ್ಧ ತೂಕ ಇಳಿದ ಹಾಗಿದ್ರು, ಮೆಟ್ಟಿಲು ಹತ್ತೋಕೆ ನಾಲ್ಕು ಸಲ ನಿಂತ್ರು. ನನ್ನ ಮೇಲೆ ಸಿಟ್ಟಿರಬಹುದು ಅಂದ್ಕೊಂಡಿದ್ದೆ. "ಒಂಚೂರು ತಿಳಿಸಾರು ಮಾಡ್ತೀಯಾ?" ಅಂದ್ರು, ಅಷ್ಟೇ.

ಎಲ್ಲರಿಗೂ ಧೈರ್ಯ ಹೇಳೋರು, ತಮಗೆ ಭಯ ಆದಾಗ ಯಾರ ಹತ್ರ ಹೇಳ್ಕೋತಾರೆ?