ನಮ್ಮ ಟೆಂಪೋದ ಹಾರ್ನು ಮೂಕಾದಾಗ

ಯಂತ್ರ ಕೆಟ್ರ ಗಂಡಸರ ಕೈ ಮೊದಲ ಕಿಸೇಕ್ಕ ಹೋಗತೈತಿ. ತಲಿಗೆ ಹೋಗೂದು ಕಡೀಕ, ಅದೂ ಕೆರಕೊಳ್ಳಾಕ.

ನಮ್ಮದು ಬನಹಟ್ಟ್ಯಾಗ ಎರಡು ಪಾವರ್‌ಲೂಮಿನ ಮನಿ. ನೇಯ್ದ ಸೀರಿ ಮೂಟಿ ಕಟ್ಟಿ ಬೀಳಗಿ, ಗಲಗಲಿ ಕಡೆ ಒಯ್ದು ಮಾರಾಕಿ ನಾನು. ಒಯ್ಯಾಕ ಒಂದು ಹಳೇ ಟೆಂಪೋ ಐತಿ, ನಡಸಾವ್ರು ನಮ್ಮ ಮನಿಯವರು. ಇಬ್ಬರಿಗೂ ವಯಸ್ಸಾಗೈತಿ, ಏರು ಬಂದ್ರ ಟೆಂಪೋನೂ ತೇಕತೈತಿ, ಅವರೂ ತೇಕತಾರ.

ಹೋದ ವರ್ಷ ಗಾಡಿ ತಪಾಸಣಿಗೆ ಜಮಖಂಡಿಗೆ ಒಯ್ದಿದ್ವಿ. ಆರ್‌ಟಿಓ ಸಾಹೇಬ ಬ್ರೇಕ್ ನೋಡಿದ, ಲೈಟ್ ನೋಡಿದ, ಹಾರ್ನ್ ಒತ್ತಿದ. ಅದು ಚಿಂವ್ ಅನಲಿಲ್ಲ.

"ಅಜ್ಜಾರ, ಇದಕ್ಕ ಬಾಯಿ ಬರಿಸಿಕೊಂಡು ಸೋಮವಾರ ಬರ್ರಿ. ಅಲ್ಲೀತನಕ ಸರ್ಟಿಫಿಕೇಟ್ ಇಲ್ಲ, ಗಾಡಿ ರಸ್ತೇಕ್ಕ ಇಳಿಸಂಗಿಲ್ಲ," ಅಂದು ಕಾಗದ ತಿರುಗಿ ಕೊಟ್ಟ.

ಗಾಡಿ ನಿಂತ್ರ ನಮ್ಮ ಮನಿಯವರಿಗೇನು, ಕಟ್ಟಿ ಮ್ಯಾಲ ಕುಂತು ಚಹಾ ಕುಡೀತಾರ. ಮೂಟಿ ಹೊತ್ತು ಬಸ್ಸಿಗೆ ಬಡದಾಡಾಕಿ ನಾನು. ನನ್ನ ಮೊಣಕಾಲು ಬಸ್ಸಿನ ಮೆಟ್ಟಲಾ ಹತ್ತೂದು ಬಿಟ್ಟು ಮೂರು ವರ್ಷಾತು. ಹಾರ್ನು ಒದರಲಿಲ್ಲಂದ್ರ ನನ್ನ ವ್ಯಾಪಾರ ಮುಗೀತು ಅಂತನ ಲೆಕ್ಕ.

ಅವರು ಪ್ಯಾಟಿಗೆ ಹೋಗಿ ಹೊಸಾ ಹಾರ್ನು ತಂದ್ರು. ಹಚ್ಚಿ ಒತ್ತಿದ್ರು. ಅದೂ ಸುಮ್ಮ ಕುಂತಿತು. ಮೂಕನ ಬಾಯಿಗೆ ಹೊಸಾ ಹಲ್ಲು ಕಟ್ಟಿಸಿದಂಗಾತು.

ಆಮ್ಯಾಲ ನನ್ನ ಮೈದುನ ಬಂದ. ಮಗ್ಗದ ಮೋಟಾರು ಬಿಚ್ಚತಾನ, ಅದಕ್ಕ ಆಕಾಶದಾಗಿನ ವಿಮಾನಾನೂ ತನಗ ಗೊತ್ತು ಅಂತಾನ.

"ವೈನಿ, ಬ್ಯಾಟರಿ ಇಳದೈತಿ ನೋಡ್ರಿ."

"ಮುಂದಿನ ಲೈಟ್ ಕಣ್ಣು ಕುಕ್ಕಾಕತ್ತಾವು. ಬ್ಯಾಟರಿ ಹಾರ್ನಿಗಷ್ಟ ಇಳದೈತೇನೋ? ಅದರ ಮ್ಯಾಲೇನು ಸಿಟ್ಟೈತೇನು?"

ಅಂವ ಎದ್ದು ಹೋಗಿ ಗ್ಯಾರೇಜಿನಾವನ್ನ ಕರಕೊಂಡು ಬಂದ. ಗ್ಯಾರೇಜಿನಾಂವ ಸ್ಟೇರಿಂಗಿನ ನಡುವಿನ ಬಟನ್ ಎಬ್ಬಿಸಿದ. ಅದರಾಗಿನ ಸ್ಪ್ರಿಂಗ್ ಟಣ್ಣಂತ ಜಿಗದು ಎಲ್ಲಿ ಹೋತೋ. ಅರ್ಧಾ ತಾಸು ಮೂವರು ಗಂಡಸರು ನಮ್ಮ ಅಂಗಳದಾಗ ಅಂಬೆಗಾಲಿಟ್ಟು ಹುಡುಕಿದ್ರು. ನಾ ಕಟ್ಟಿ ಮ್ಯಾಲ ಕುಂತು ನೋಡಿದೆ. ಕೂಸಿನ ತೊಟ್ಟಿಲ ಒಂದ ಕಮ್ಮಿ ಇತ್ತು. ಸ್ಪ್ರಿಂಗ್ ಸಿಕ್ಕಿತು, ಬಟನ್ ಒರಸಿ ಹಾಕಿದ, ಹಾರ್ನು ಮತ್ತ ಮೂಕ.

"ಆಯಿ, ಪೂರಾ ವೈರಿಂಗ್ ಕಿತ್ತು ಹೊಸಾದು ಎಳೀಬೇಕ್ರಿ. ನಾಕು ದಿನದ ಕೆಲಸ."

"ಇವತ್ತ ಶನಿವಾರ. ನಿಮ್ಮ ಗ್ಯಾರೇಜಿನ್ಯಾಗ ಸೋಮವಾರ ನಾಕು ದಿನಕ್ಕ ಬರತೈತೇನೋ ತಮ್ಮಾ?"

ಅಂವ ಹಲ್ಲು ಕಿಸದ. ನನಗ ತಲಿ ಕೆಟ್ಟಿತು. ಸೀರ್ಯಾಗ ಒಂದು ಎಳಿ ಹರದ್ರ ಮಗ್ಗಕ್ಕ ಏರಿಸಿದ ಇಡೀ ಹಾಸಿನ ನೂಲು ಕೊಯ್ದು ಒಗಿತೀವೇನು? ಹರದದ್ದು ಎಲ್ಲೈತಿ ಅಂತ ಎಳಿ ಹಿಡಕೊಂಡು ಹೋಗತೀವಿ. ಮೂರು ಗಂಡಸರಾಗ ಇಬ್ಬರು ನೇಕಾರರ ಹೊಟ್ಟ್ಯಾಗ ಹುಟ್ಟಿದಾವ್ರು, ಒಬ್ಬರಿಗೂ ಇದು ಹೊಳೀಲಿಲ್ಲ.

"ಏಳ್ರಿ ಎಲ್ಲಾರೂ," ಅಂದೆ. "ತಮ್ಮಾ, ನಿನ್ನ ಚೀಲದಾಗಿನ ಬಲ್ಬ್ ತಗೊಂಡು ಬಾ."

ಗ್ಯಾರೇಜಿನಾವನ ಚೀಲದಾಗ ಎರಡು ವೈರು ಹಚ್ಚಿದ ಸಣ್ಣ ಬಲ್ಬ್ ಇತ್ತು. ಕರೆಂಟ್ ಇದ್ದಲ್ಲಿ ಹಚ್ಚಿದ್ರ ಹತ್ತತೈತಿ, ಇಲ್ಲದಲ್ಲಿ ಇಲ್ಲ. ಇದ್ದೂ ಚೀಲದಾಗ ಮಲಗಿಸಿದ್ದ, ಜಾಣ. ಒಂದು ವೈರು ಗಾಡಿ ಕಬ್ಬಿಣಕ್ಕ ಹಿಡಿ, ಇನ್ನೊಂದು ಫ್ಯೂಸಿಗೆ ಮುಟ್ಟಿಸು ಅಂದೆ. ಬಲ್ಬ್ ಹತ್ತಿತು. ನಮ್ಮ ಮನಿಯವರಿಗೆ ಬಟನ್ ಒತ್ತಿ ಹಿಡೀರಿ ಅಂದೆ, ಅವನಿಗೆ ಹಾರ್ನಿನ ಬುಡಕ್ಕ ಮುಟ್ಟಿಸು ಅಂದೆ. ಹತ್ತಲಿಲ್ಲ. ಅಂದ್ರ ಹೊಸಾ ಹಾರ್ನು ತಂದದ್ದು ದಂಡ, ಕರೆಂಟ್ ಅದರ ತನಕ ಬರಾಕತ್ತಿಲ್ಲ. ಹರದದ್ದು ನಡುವ ಐತಿ.

ವೈರು ಬೆರಳಿನ್ಯಾಗ ಹಿಡದು ಹೊಂಟೆ. ಬಾನೆಟ್ಟಿನ ಬಲಗಡೆ, ಎಣ್ಣಿ ಮಣ್ಣು ಮೆತ್ತಿದಲ್ಲಿ, ಬೆರಳಿಗೆ ಒಂದು ಕಾಳಿನಷ್ಟು ಗಂಟು ಹತ್ತಿತು. ಒರಸಿ ನೋಡಿದ್ರ ನೇಕಾರರ ಗಂಟು! ಸಣ್ಣದು, ಬಿಗಿ, ಬಾಲ ಬುಡಕ್ಕ ಕತ್ತರಿಸಿದ್ದು. ನೂಲಿನ ಗಂಟಿನ ಬಾಲ ಹಂಗ ಕತ್ತರಿಸಬೇಕು, ಇಲ್ಲಂದ್ರ ಮಗ್ಗದ ಹಣಗಿ ಹಲ್ಲಿಗೆ ಸಿಗತೈತಿ. ವೈರಿಗೆ ಯಾವ ಹಣಗಿ? ಉದ್ದ ಹೊಸೆದು ಟೇಪ್ ಸುತ್ತಬೇಕಾಗಿತ್ತು. ಮಳಿನೀರು ಹೊಕ್ಕು ಒಳಗಿನ ತಾಮ್ರ ಹಸರ ಹಿಡದು ಪುಡಿಯಾಗಿತ್ತು.

"ಯಾವ ನಾಕು ಕಾಲಿನ ಕತ್ತಿ ಕಟ್ಟೇತ್ರಿ ಇದನ್ನ?" ಅಂತ ಒದರಿದೆ. "ಕೈಯಾಗ ಮೆದುಳಿಲ್ಲ, ತಲ್ಯಾಗ ಮೊದಲ ಇಲ್ಲ. ಇಂಥಾವ್ರಿಗೆ ವೈರು ಮುಟ್ಟಾಕ ಯಾರು ಹೇಳ್ಯಾರ?"

ಮೈದುನ ನಾ ಅಲ್ಲ ಅಂದ. ಗ್ಯಾರೇಜಿನಾಂವ ತನಗ ಆ ಗಂಟು ಹಾಕಾಕ ಬರಂಗಿಲ್ಲ ಅಂದ. ನಮ್ಮ ಮನಿಯವರು ಕೆಳಗಿಳದು ಬಂದು ಗಂಟು ಬೆರಳಿನ್ಯಾಗ ತಿರುವಿ ನೋಡಿದ್ರು. ನಲವತ್ತು ವರ್ಷ ನೇಯ್ದ ಬೆರಳು ಅವು.

"ಇದು ಎಡಗೈ ಗಂಟು," ಅಂದ್ರು.

ನಮ್ಮ ಮನ್ಯಾಗ ಎಡಗೈಯಾಕಿ ನಾನೊಬ್ಬಾಕಿ.

ಆವಾಗ ನೆನಪಾತು. ಅದಕ್ಕೂ ಎರಡು ವರ್ಷದ ಹಿಂದ ಮಳ್ಯಾಗ ಗಲಗಲಿ ಹತ್ರ ಗಾಡಿ ತಗ್ಗಿನ್ಯಾಗ ಜಿಗದು ಹಾರ್ನಿನ ವೈರು ಹರದಿತ್ತು. ಅಷ್ಟು ಸಣ್ಣ ವೈರು ನಮ್ಮ ಮನಿಯವರ ಕಣ್ಣಿಗೆ ಕಾಣಲಿಲ್ಲ. ನಾನ ಹಲ್ಲಿಲೆ ಸಿಪ್ಪಿ ಕಚ್ಚಿ ತಗದು ಗಂಟು ಹಾಕಿದ್ದೆ. ದಿನಾ ನೂರು ಎಳಿಗೆ ಗಂಟು ಹಾಕಾಕಿ, ಒಂದೊಂದು ನೆನಪಿಡಾಕ ಆಕ್ಕೈತೇನು?

"ನಾನ ಹಾಕೀನಿ," ಅಂದೆ. ಇನ್ನೇನು ಅನ್ನಲಿ?

"ಕತ್ತಿ ಸಿಕ್ಕಿತು ನೋಡಪಾ," ಅಂದ್ರು ನಮ್ಮ ಮನಿಯವರು ಮೈದುನಗ. ಮೂವರೂ ಟೆಂಪೋಕ್ಕ ಒರಗಿ ನಿಂತು ನಕ್ಕರು. ನಗಲಿ. ಬೆಳಿಗ್ಗಿಂದ ಅವರು ಮಾಡಿದ ಕೆಲಸಾ ಅಂದ್ರ ಅದೊಂದ.

ಗ್ಯಾರೇಜಿನಾಂವ ಗಂಟು ಕೊಯ್ದು ಹೊಸಾ ವೈರಿನ ತುಂಡು ಹೊಸೆದು ಟೇಪ್ ಸುತ್ತಿದ. ಹಾರ್ನು ಎಮ್ಮಿ ಒದರಿದಂಗ ಒದರಿತು. ಸೋಮವಾರ ಜಮಖಂಡ್ಯಾಗ ಸಾಹೇಬ ಒತ್ತಿ, ತಾನ ಬೆಚ್ಚಿ, ಸಹಿ ಹಾಕಿದ.

ತಿರುಗಿ ಬರೂ ಮುಂದ ಮೈದುನ, "ವೈನಿ, ನಮಗ ಬೈದದ್ದು ವಾಪಸ್ ತಗೋರಿ," ಅಂದ.

ಯಾಕ ತಗೋಬೇಕು? ಕೆಡಿಸಿದಾಕಿ ನಾನು, ಖರೆ. ಹುಡುಕಿದಾಕೀನೂ ನಾನ. ಅವರು ಸ್ಪ್ರಿಂಗ್ ಹುಡುಕಿದ್ರು.

ಮಂಗಳವಾರ ಮೂಟಿ ಹಾಕಿಕೊಂಡು ಬೀಳಗಿಗೆ ಹೋದ್ವಿ.